ಮಾರ್ಲಿನ್ ಪುಕ್ಕಲನಾ? ಆನಿಮೇಷನ್ ಪಾತ್ರಗಳ ಸ್ವಭಾವ ಬಗೆದು ನೋಡುವ ಸಮಗ್ರ ಮಾರ್ಗದರ್ಶಿ

"ಮಾಮ, ಡೋರಿಗೆ ಎಲ್ಲಾ ಮರ್ತೋಗುತ್ತಲ್ಲ, ಹಾಗಾದ್ರೆ ಅವಳು 'ಪಿ' ತಾನೆ?"

ಕೇಳಿದ್ದು ಅಕ್ಕನ ಮಗಳು. ಎಂಟನೇ ಕ್ಲಾಸು. ಅವಳ ಗೆಳತಿಯರೆಲ್ಲ ಮೊಬೈಲಿನಲ್ಲಿ ಎಂಬಿಟಿಐ ಅನ್ನುವ ಸ್ವಭಾವದ ಟೆಸ್ಟ್ ಮಾಡಿಕೊಂಡು ತಮ್ಮ ತಮ್ಮ ನಾಲ್ಕು ಅಕ್ಷರ ತಿಳಿದುಕೊಂಡಾಗಿತ್ತು. ಈಗ ಕಾರ್ಟೂನ್ ಪಾತ್ರಗಳ ಸರದಿ. ಡೋರಿ ಅಂದರೆ 'ಫೈಂಡಿಂಗ್ ನೀಮೋ' ಸಿನಿಮಾದ ಮರೆಗುಳಿ ಮೀನು, 'ಪಿ' ಅಂದರೆ ಆ ಟೆಸ್ಟಿನಲ್ಲಿ ಯೋಜನೆ ಹಾಕದೆ ನಡೆಯುವವರ ಅಕ್ಷರ. ನಾನು ಪೇಪರಿನಿಂದ ತಲೆ ಎತ್ತದೆ "ಹ್ಞೂಂ" ಅಂದುಬಿಟ್ಟೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ಉತ್ತರ ತಪ್ಪು. ಡೋರಿಯ ಮರೆವು ಒಂದು ಕಾಯಿಲೆ. ಮಂಡಿನೋವಿನ ಅಜ್ಜಿ ದಿನವಿಡೀ ಮನೆಯಲ್ಲೇ ಕೂತಿರುತ್ತಾರೆ ಅಂತ ಅವರನ್ನು ಅಂತರ್ಮುಖಿ ಅನ್ನೋಕಾಗುತ್ತಾ?

ಮಾರನೇ ದಿನ ಅವಳ ಮುಂದೆ ತಪ್ಪೊಪ್ಪಿಕೊಂಡೆ. ಅಲ್ಲಿಂದ ನಮ್ಮಿಬ್ಬರಿಗೂ ಇದೊಂದು ಚಟವಾಯಿತು. ಕೈಗೊಂದು ನೋಟ್‌ಬುಕ್, ಸಿನಿಮಾ ನಿಲ್ಲಿಸಿ ನಿಲ್ಲಿಸಿ ನೋಡುವುದು, ಜಗಳ. ಆ ಜಗಳಗಳಿಂದ ಹೊರಬಂದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಪಿಕ್ಸಾರ್ 2003ರಲ್ಲಿ ಮಾಡಿದ 'ಫೈಂಡಿಂಗ್ ನೀಮೋ' ಸಾಕು. 100 ನಿಮಿಷದ ಸಿನಿಮಾ, ಬಹಳ ಜನ ನೋಡಿರುತ್ತೀರಿ. ಮುಖ್ಯ ಪಾತ್ರಗಳೆಲ್ಲ ಮೀನುಗಳೇ. ಮಗ ನೀಮೋನನ್ನು ಮುಳುಗುಗಾರನೊಬ್ಬ ಹಿಡಿದುಕೊಂಡು ಹೋಗುತ್ತಾನೆ. ಅಪ್ಪ ಮಾರ್ಲಿನ್ ಅವನನ್ನು ಹುಡುಕುತ್ತಾ ಸಿಡ್ನಿವರೆಗೆ ಈಜುತ್ತಾನೆ. ದಾರಿಯಲ್ಲಿ ಸಿಕ್ಕವಳು ಡೋರಿ. ಕಥೆ ಅಷ್ಟೇ.

ಮೊದಲು ಅಳತೆಗೋಲು ಎಂಥದ್ದು ನೋಡಿ

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮನುಷ್ಯರ ಮಾನಸಿಕ ಬಗೆಗಳ ಮೇಲೆ ಒಂದು ದಪ್ಪ ಪುಸ್ತಕ ಬರೆದ. ಅಂತರ್ಮುಖಿ, ಬಹಿರ್ಮುಖಿ ಅನ್ನುವ ಮಾತು ಊರೆಲ್ಲ ಹರಡಿದ್ದು ಅವನಿಂದ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಅದನ್ನು ಹಿಡಿದುಕೊಂಡು, ಎರಡನೇ ಮಹಾಯುದ್ಧದ ದಿನಗಳಲ್ಲಿ ಒಂದು ಪ್ರಶ್ನಾವಳಿ ಕಟ್ಟಿದರು. ಅದೇ ಎಂಬಿಟಿಐ. ಇಬ್ಬರೂ ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದಿದವರಲ್ಲ. ಎದುರುಬದುರು ಗುಣಗಳ ನಾಲ್ಕು ಜೋಡಿ, ಒಂದೊಂದರಿಂದ ಒಂದು ಅಕ್ಷರ, ಒಟ್ಟು 16 ಬಗೆ.

ಸಂಶೋಧಕರಿಗೆ ಇದರ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಅದೇ ಮನುಷ್ಯ ಕೆಲವು ವಾರ ಬಿಟ್ಟು ಮತ್ತೆ ಟೆಸ್ಟ್ ಮಾಡಿದರೆ ಅಕ್ಷರ ಬದಲಾಗುವುದು ಸಾಮಾನ್ಯ. ಅವರು ಜಾಸ್ತಿ ಬಳಸುವುದು ಬಿಗ್ ಫೈವ್. ಅದರಲ್ಲಿ ಡಬ್ಬಿಗಳಿಲ್ಲ, ಐದು ಗುಣ ಎಷ್ಟೆಷ್ಟು ಇದೆ ಅನ್ನುವ ಅಳತೆ ಮಾತ್ರ.

ಇನ್ನೊಂದು ಕಥೆ ಗೊತ್ತಿರಲಿ. 1948ರಲ್ಲಿ ಬರ್ಟ್ರಂ ಫೋರರ್ ಅನ್ನುವ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟ. ಆಮೇಲೆ ಒಬ್ಬೊಬ್ಬರಿಗೂ "ಇದು ನಿನ್ನ ಸ್ವಭಾವ" ಅಂತ ಒಂದು ಚೀಟಿ ಹಂಚಿದ. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಲು ಹೇಳಿದ. ಸರಾಸರಿ 4 ದಾಟಿತು. ತಮಾಷೆ ಏನೆಂದರೆ ಎಲ್ಲರ ಚೀಟಿಯಲ್ಲೂ ಇದ್ದದ್ದು ಒಂದೇ ಬರಹ. ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು!

ಹಾಗಾದರೆ ಇದನ್ನೆಲ್ಲ ಯಾಕೆ ಮಾಡಬೇಕು? ನನ್ನ ಮಟ್ಟಿಗೆ ಇದು ಪ್ರಶ್ನೆ ಕೇಳುವ ಒಂದು ವಿಧಾನ. 'ಇವನು ಈ ಕೆಲಸ ಯಾಕೆ ಮಾಡಿದ' ಅಂತ ದೃಶ್ಯ ದೃಶ್ಯಕ್ಕೂ ಕೇಳುವಂತೆ ಮಾಡುತ್ತದೆ. ಕೆಲಸಕ್ಕೆ ಆಳು ತೆಗೆದುಕೊಳ್ಳಲು, ಮದುವೆಗೆ ಹುಡುಗನನ್ನು ಒಪ್ಪಲು ಇದನ್ನು ಬಳಸುವವರನ್ನು ಕಂಡರೆ ಹೆದರಿಕೆಯಾಗುತ್ತದೆ. ಮೀನಿನ ಮೇಲೆ ಬಳಸಿದರೆ ಯಾರಿಗೂ ನಷ್ಟವಿಲ್ಲ.

ಹಂತ 1: ಸರಿಯಾದ ಪಾತ್ರ ಆರಿಸಿ

ಎಲ್ಲ ಪಾತ್ರಕ್ಕೂ ಸ್ವಭಾವ ಅಂತ ಇರುವುದಿಲ್ಲ. ಇದೇ ಸಿನಿಮಾದ ಕಡಲಕ್ಕಿಗಳನ್ನು ನೆನಪಿಸಿಕೊಳ್ಳಿ. "ನಂದು, ನಂದು" ಅಂತ ಕಿರುಚುವುದು ಬಿಟ್ಟು ಅವಕ್ಕೆ ಬೇರೆ ಮಾತೇ ಇಲ್ಲ. ಅವುಗಳ ಬಗೆ ಹುಡುಕಲು ಹೋದರೆ ನಗೆಪಾಟಲು. 2015ರ 'ಇನ್‌ಸೈಡ್ ಔಟ್' ಸಿನಿಮಾದ ಸಂತೋಷ, ದುಃಖ, ಕೋಪಗಳೂ ಹಾಗೆಯೇ. ಅವು ರೈಲಿ ಅನ್ನುವ ಹುಡುಗಿಯ ತಲೆಯೊಳಗಿನ ಒಂದೊಂದು ಭಾವನೆ. ಬಗೆ ಹುಡುಕುವುದಿದ್ದರೆ ರೈಲಿಯದ್ದು ಹುಡುಕಿ.

ಕಷ್ಟದಲ್ಲಿ ಎರಡು ದಾರಿ ಎದುರಾಗಿ ಒಂದನ್ನು ಆರಿಸಿಕೊಳ್ಳುವ ಪಾತ್ರ ಬೇಕು. ಅಂಥ ಆಯ್ಕೆ ಸಿನಿಮಾದಲ್ಲಿ ಕನಿಷ್ಠ ಐದಾದರೂ ಇರಲಿ.

ಧಾರಾವಾಹಿ ಪಾತ್ರಗಳದ್ದು ಬೇರೆ ತಲೆನೋವು. 'ಡೋರೆಮಾನ್' ಕಾರ್ಟೂನಿನ ಜಿಯಾನ್ ದಿನದ ಕಂತುಗಳಲ್ಲಿ ನೋಬಿತಾನ ಆಟಿಕೆ ಕಿತ್ತುಕೊಳ್ಳುವ ಪುಂಡ. ಅದೇ ಜಿಯಾನ್ ದೊಡ್ಡ ಸಿನಿಮಾಗಳಲ್ಲಿ ಗೆಳೆಯರಿಗಾಗಿ ಪ್ರಾಣ ಕೊಡಲು ನಿಲ್ಲುತ್ತಾನೆ. ಯಾವುದನ್ನು ನಂಬುತ್ತೀರಿ? ಎರಡನ್ನೂ ಕಲಸಬೇಡಿ. 'ಸಿನಿಮಾದ ಜಿಯಾನ್' ಅಂತ ಪುಟದ ಮೇಲೇ ಬರೆದುಕೊಂಡು ಶುರು ಮಾಡಿ.

ಹಂತ 2: ಎರಡು ಸಲ ನೋಡಿ, ಎರಡನೇ ಸಲ ಬರೆಯಿರಿ

ಮೊದಲ ಸಲ ಸುಮ್ನೆ ನೋಡಿ. ಅಳು ಬಂದರೆ ಅಳಿ. ನೋಟ್‌ಬುಕ್ ತೆಗೆಯಬೇಡಿ.

ಎರಡನೇ ಸಲ ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿ. ಮೊದಲನೆಯದು ಸಮಯ, ನಿಮಿಷ ಸಾಕು. ಎರಡನೆಯದು ಪಾತ್ರ ಏನು ಮಾಡಿತು. ಮೂರನೆಯದು ಯಾಕೆ ಮಾಡಿತು. ನಾಲ್ಕನೆಯದನ್ನು ಸದ್ಯಕ್ಕೆ ಖಾಲಿ ಬಿಡಿ.

ಎರಡನೇ ಕಾಲಂನಲ್ಲಿ ಕ್ರಿಯಾಪದ ಮಾತ್ರ ಇರಬೇಕು. 'ಮಾರ್ಲಿನ್ ಆತಂಕದ ಮನುಷ್ಯ' ಅಂತ ಬರೆಯುವಂತಿಲ್ಲ. 'ಮನೆಯಿಂದ ತಲೆ ಹೊರಗೆ ಹಾಕಿದ, ಒಳಗೆ ಬಂದ, ಮತ್ತೆ ಹೋದ, ಮತ್ತೆ ಬಂದ' ಅಂತ ಬರೆಯಬೇಕು. ಗುಣವಾಚಕ ಬರೆದ ಕ್ಷಣವೇ ತೀರ್ಪು ಕೊಟ್ಟ ಹಾಗೆ. ಆಮೇಲೆ ಅದಕ್ಕೆ ಸರಿಹೊಂದುವುದಷ್ಟೇ ಕಣ್ಣಿಗೆ ಬೀಳುತ್ತದೆ.

'ಮಗನನ್ನು ಪ್ರೀತಿಸುತ್ತಾನೆ' ಅನ್ನುವಂಥ ಸಾಲೂ ಬೇಡ. ಯಾವ ಅಪ್ಪ ಪ್ರೀತಿಸುವುದಿಲ್ಲ? ಫೋರರ್‌ನ ಚೀಟಿಯಲ್ಲಿ ಇರಬಹುದಾದ ಸಾಲು ನಿಮ್ಮ ಪುಟದಲ್ಲಿ ಇರಬಾರದು.

ಆನಿಮೇಷನ್‌ನಲ್ಲಿ ಒಂದು ಅನುಕೂಲ ಇದೆ. ನಟನೊಬ್ಬ ಮೂಗು ಕೆರೆದುಕೊಂಡರೆ ಅದು ಸುಮ್ನೆ ತುರಿಕೆಯೇ ಇರಬಹುದು. ಇಲ್ಲಿ ಸೆಕೆಂಡಿಗೆ 24 ಫ್ರೇಮ್. ಮೀನಿನ ರೆಪ್ಪೆ ಮಿಟುಕಬೇಕಾದರೂ ಯಾರೋ ಕುರ್ಚಿಯಲ್ಲಿ ಕೂತು ಅದನ್ನು ಮಿಟುಕಿಸಬೇಕು. ಹಾಗಾಗಿ ಸಣ್ಣ ಚಲನೆಯೂ ಸಾಕ್ಷಿಯೇ.

ಅನಾನುಕೂಲವೂ ಅಲ್ಲೇ ಇದೆ. ರೂಪವನ್ನೂ ಬೇಕೆಂದೇ ಮಾಡಿರುತ್ತಾರೆ, ನಮ್ಮನ್ನು ಯಾಮಾರಿಸಲಿಕ್ಕೆ ಕೂಡ. ಬ್ರೂಸ್ ಅನ್ನುವ ಶಾರ್ಕಿನ ಹಲ್ಲು ನೋಡಿ, ಆಮೇಲೆ ಅವನು ಮೀನು ತಿನ್ನುವುದನ್ನು ಬಿಡಲು ಸಭೆ ನಡೆಸುವುದನ್ನು ನೋಡಿ. ದನಿಯೂ ಅಷ್ಟೇ. ಮೂಲದಲ್ಲಿ ಮಾರ್ಲಿನ್‌ಗೆ ಆಲ್ಬರ್ಟ್ ಬ್ರೂಕ್ಸ್, ಡೋರಿಗೆ ಎಲೆನ್ ಡಿಜೆನೆರಿಸ್ ದನಿ ಕೊಟ್ಟಿದ್ದಾರೆ. ಇಬ್ಬರೂ ಸ್ಟಾಂಡಪ್ ಕಾಮೆಡಿಯಿಂದ ಬಂದವರು, ಪಟಪಟ ಮಾತು. ಒಂದು ದೃಶ್ಯವನ್ನು ಸೌಂಡ್ ಮ್ಯೂಟ್ ಮಾಡಿ ನೋಡಿ. ಆಗಲೂ ನಿಮ್ಮ ಸಾಲು ನಿಲ್ಲುತ್ತದಾ?

ಹಂತ 3: ಗಾಯವನ್ನು ಬೇರೆ ಮಾಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯ ಹಂತ ಇದು. ಬಹಳಷ್ಟು ಜನ ಇದನ್ನು ಹಾರಿಸಿಬಿಡುತ್ತಾರೆ. ಖಾಲಿ ಬಿಟ್ಟ ನಾಲ್ಕನೇ ಕಾಲಂ ಇದಕ್ಕೇ. ಪ್ರತಿ ಸಾಲಿನ ಮುಂದೆ ಕೇಳಿ: ಇದಕ್ಕೆ ಸ್ವಭಾವ ಬಿಟ್ಟು ಬೇರೆ ಕಾರಣ ಇದೆಯಾ? ವಯಸ್ಸಾ? ಕಾಯಿಲೆಯಾ? ಅವತ್ತಿನ ಅವಸರವಾ? ಹಳೆಯ ಪೆಟ್ಟಾ? ಅಥವಾ ಆ ಪ್ರಾಣಿಯ ಗುಣವೇ ಹಾಗಾ?

ಕೊನೆಯದನ್ನು ನಾವು ಮೊದಲು ಮರೆತಿದ್ದೆವು. ಮಾರ್ಲಿನ್ ಪದೇ ಪದೇ ಮನೆಯೊಳಗೆ ನುಗ್ಗುತ್ತಾನೆ, ಆದ್ದರಿಂದ ಅಂತರ್ಮುಖಿ ಅಂತ ಹುಡುಗಿ ಬರೆದಿದ್ದಳು. ಆದರೆ ಅವನು ಕ್ಲೌನ್ ಮೀನು. ಕುಟುಕುವ ಎಳೆಗಳಿರುವ ಅನಿಮೋನಿ ಅನ್ನುವ ಕಡಲಜೀವಿಯೇ ಆ ಮೀನಿಗೆ ಕೋಟೆ. ಎಲ್ಲ ಕ್ಲೌನ್ ಮೀನೂ ಅಲ್ಲೇ ಅಡಗುತ್ತವೆ. ಸಾಲು ಹೊಡೆದು ಹಾಕಿದೆವು. (ನಿಜವಾದ ಕ್ಲೌನ್ ಮೀನಿನ ಲೋಕದಲ್ಲಿ ಹೆಣ್ಣು ಸತ್ತರೆ ಜೊತೆಗಿದ್ದ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಅದನ್ನೂ ಸಿನಿಮಾಕ್ಕೆ ತಂದಿದ್ದರೆ ನೀಮೋಗೆ ಹುಡುಕಿಕೊಂಡು ಬರಲು ಅಪ್ಪನೇ ಇರುತ್ತಿರಲಿಲ್ಲ.)

ಈಗ ಪೆಟ್ಟಿಗೆ ಬರೋಣ. ಮಾರ್ಲಿನ್ ಅಂದರೆ ಎಲ್ಲರಿಗೂ ನೆನಪಾಗುವುದು ಹೆದರಿಕೆ. ಮಗನನ್ನು ಸ್ಕೂಲಿಗೆ ಬಿಡುವ ಮೊದಲು ಹೊರಗೆ ಹೋಗಿ ಒಳಗೆ ಬಂದು ಮತ್ತೆ ಹೊರಗೆ ಹೋಗಿ ಅಪಾಯ ಇದೆಯಾ ಅಂತ ನೋಡುವುದು. ಸಮುದ್ರ ಸುರಕ್ಷಿತವಲ್ಲ ಅಂತ ಮಗನ ಬಾಯಲ್ಲಿ ಹೇಳಿಸುವುದು. ಆದರೆ ಇದು ಯಾವಾಗಿಂದ?

ಮೊದಲ ಐದು ನಿಮಿಷಕ್ಕೆ ವಾಪಸ್ ಹೋಗಿ. ಬ್ಯಾರಾಕುಡಾ ಅನ್ನುವ ಬೇಟೆಗಾರ ಮೀನು ದಾಳಿ ಮಾಡುವ ಮೊದಲಿನ ಮಾರ್ಲಿನ್ ಅಲ್ಲಿದ್ದಾನೆ. ಹವಳದ ಬಂಡೆಯ ಅಂಚಿನಲ್ಲಿ, ಆಳ ಸಮುದ್ರ ಕಾಣುವ ಕಡೆ ಹೊಸ ಮನೆ ಹಿಡಿದಿದ್ದಾನೆ. ನೋಡು, ನಿನ್ನ ಗಂಡ ಎಂಥಾ ಮನೆ ಕೊಡಿಸಿದ ಅಂತ ಹೆಂಡತಿ ಕೋರಲ್ ಮುಂದೆ ಕೊಚ್ಚಿಕೊಳ್ಳುತ್ತಾನೆ. 400ಕ್ಕೂ ಜಾಸ್ತಿ ಮೊಟ್ಟೆಗಳಿವೆ. ಅರ್ಧಕ್ಕೆ ತನ್ನ ಹೆಸರು, ಅರ್ಧಕ್ಕೆ ಅವಳ ಹೆಸರು ಅನ್ನುತ್ತಾನೆ. ತಾವು ಮೊದಲು ಭೇಟಿಯಾದ ದಿನದ ತಮಾಷೆಯನ್ನೇ ಮತ್ತೆ ಆಡಿ ತೋರಿಸಿ ಹೆಂಡತಿಯನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಮಧ್ಯೆ ಒಂದು ಕ್ಷಣ ಮುಖ ಸಪ್ಪೆಯಾಗುತ್ತದೆ. ಮಕ್ಕಳಿಗೆ ನಾನು ಇಷ್ಟವಾಗದಿದ್ದರೆ ಅಂತ ಕೇಳುತ್ತಾನೆ. ಇಷ್ಟೊಂದು ಮಕ್ಕಳಲ್ಲಿ ಒಬ್ಬರಿಗಾದರೂ ಇಷ್ಟವಾಗುತ್ತೀಯ ಬಿಡು ಅಂತ ಅವಳು ರೇಗಿಸುತ್ತಾಳೆ.

ಈ ಮನುಷ್ಯ ಪುಕ್ಕಲನಾ? ಆಳದ ಅಂಚಿನಲ್ಲಿ ಮನೆ ಮಾಡುವವನು? ಅಲ್ವೇ ಅಲ್ಲ. ಅವನನ್ನು ಪುಕ್ಕಲ ಮಾಡಿದ್ದು ಆಮೇಲಿನ ಒಂದು ನಿಮಿಷ. ಹೆಂಡತಿ ಇಲ್ಲ, ಮೊಟ್ಟೆಗಳಿಲ್ಲ, ಬಿರುಕು ಬಿಟ್ಟ ಒಂದೇ ಒಂದು ಮೊಟ್ಟೆ ಉಳಿದಿದೆ. ಯಾವ ಬಗೆಯ ಅಪ್ಪನಾದರೂ ಆಮೇಲೆ ಬಾಗಿಲಿಂದ ಎರಡೆರಡು ಸಲ ಇಣುಕಿ ನೋಡುತ್ತಾನೆ.

ಹಾಗಾಗಿ ಮೂರು ಪ್ರಶ್ನೆ ಇಟ್ಟುಕೊಳ್ಳಿ. ಪೆಟ್ಟು ಬೀಳುವ ಮೊದಲೂ ಈ ಗುಣ ಇತ್ತಾ? ಅದೇ ಪೆಟ್ಟು ತಿಂದ ಬೇರೆಯವರೂ ಹೀಗೇ ಆಗುತ್ತಿದ್ದರಾ? ಗಾಯ ಮಾಗಿದ ಮೇಲೂ ಈ ಗುಣ ಉಳಿಯಿತಾ?

ಕೊನೆಯ ದೃಶ್ಯ ಮೂರನೇ ಪ್ರಶ್ನೆಗೆ ಉತ್ತರ. ಈಗ ಮಗನನ್ನು ಎಬ್ಬಿಸಿ ಸ್ಕೂಲಿಗೆ ಹೊರಡಿಸುವವನು ಮಾರ್ಲಿನ್‌ನೇ. ಹೆದರಿಕೆ ಹೋಗಿದೆ. ಆದರೆ ಬೆಳಗಿನ ದಿನಚರಿ ಹೋಗಿಲ್ಲ. ಶುರುವಿನಲ್ಲಿ ಬೇರೆ ಅಪ್ಪಂದಿರ ಮುಂದೆ ಹೇಳಲು ಹೋಗಿ ಕೆಡಿಸಿದ್ದ ಜೋಕನ್ನು ಈಗ ಹೇಳಿ ನಗಿಸುತ್ತಾನೆ. ಅಂದರೆ ನಾಲ್ಕು ಜನಕ್ಕೆ ತಾನು ಇಷ್ಟವಾಗಬೇಕು ಅನ್ನುವ ಆಸೆ ಕೋರಲ್ ಇದ್ದಾಗಲೂ ಇತ್ತು, ಈಗಲೂ ಇದೆ. ಇದು ಸ್ವಭಾವ.

ಈ ಹಂತ ಮುಗಿದಾಗ ನಮ್ಮ 31 ಸಾಲುಗಳಲ್ಲಿ ಉಳಿದದ್ದು 12. ಬೇಜಾರಾಗಬೇಡಿ.

ಹಂತ 4: ಉಳಿದ ಸಾಲುಗಳಿಗೆ ಅಕ್ಷರ ಕೊಡಿ

ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವ ಅಕ್ಷರದಿಂದ ಶುರು ಮಾಡಿ. ಕ್ರಮವಾಗಿಯೇ ಹೋಗಬೇಕು ಅಂತ ಏನೂ ಇಲ್ಲ. ಪೆನ್ಸಿಲ್ ಬಳಸಿ.

ಟಿ ಅಥವಾ ಎಫ್, ಥಿಂಕಿಂಗ್ ಅಥವಾ ಫೀಲಿಂಗ್. ಅತ್ತರೆ ಎಫ್, ಬುದ್ಧಿವಂತನಾದರೆ ಟಿ ಅನ್ನುವುದು ದೊಡ್ಡ ತಪ್ಪು. ತೀರ್ಮಾನ ಮಾಡುವಾಗ ಯಾವುದನ್ನು ತೂಗುತ್ತಾನೆ, ವಿಷಯವನ್ನಾ, ಮನುಷ್ಯರನ್ನಾ, ಅದನ್ನು ನೋಡಿ. ಮಾರ್ಲಿನ್ ಡೋರಿಯನ್ನು ಬಿಟ್ಟುಹೋಗಲು ನೋಡುವ ದೃಶ್ಯ ಇದಕ್ಕೆ ಚಿನ್ನದಂಥದ್ದು. ಅವನಿಗೆ ಅವಸರವಿದೆ, ಇವಳಿಂದ ತಡವಾಗುತ್ತಿದೆ. 'ನೀನು ಬರಬೇಡ' ಅಂದುಬಿಟ್ಟರೆ ಮುಗಿಯಿತು. ಅನ್ನುವುದಿಲ್ಲ. ಕೆಲವು ಮೀನುಗಳಿಂದ ತಡವಾಗುತ್ತದೆ ಅಂತ ಸುತ್ತಿ ಬಳಸಿ ಹೇಳುತ್ತಾನೆ. ನಾನು ನಿನಗೆ ಇಷ್ಟ ಇಲ್ವಾ ಅಂತ ಅವಳ ಕಣ್ಣು ತುಂಬಿದ ಕೂಡಲೇ, ಇಷ್ಟ ಇರುವುದಕ್ಕೇ ಜೊತೆಗಿರಲು ಇಷ್ಟವಿಲ್ಲ ಅಂತ ಏನೇನೋ ಬಡಬಡಿಸುತ್ತಾನೆ. ನೆಂಟರನ್ನು ಎಬ್ಬಿಸಿ ಕಳಿಸಲಾಗದೆ 'ಇನ್ನೊಂದು ಲೋಟ ಕಾಫಿ?' ಅಂತ ಕೇಳುವ ನಮ್ಮ ಮನೆಯವರ ಹಾಗೆ. ಎಫ್, ಅದೂ ಎದುರಿಗಿರುವವರ ಮುಖ ನೋಡಿ ನಡೆಯುವ ಎಫ್.

ಎಸ್ ಅಥವಾ ಎನ್. ಕಣ್ಣಿಗೆ ಕಾಣುವುದನ್ನು, ಅನುಭವಕ್ಕೆ ಬಂದದ್ದನ್ನು ನಂಬುವುದು ಸೆನ್ಸಿಂಗ್. ಕಾಣದ ಸಂಬಂಧಗಳನ್ನು, ಮುಂದೆ ಆಗಬಹುದಾದ್ದನ್ನು ಹಿಡಿಯುವುದು ಇಂಟ್ಯೂಷನ್. ಕಮರಿಯ ದೃಶ್ಯ ನೋಡಿ. ಮೀನುಗಳ ಗುಂಪೊಂದು ಮೊದಲೇ ಡೋರಿಗೆ ಹೇಳಿತ್ತು, ಕಮರಿಯ ಒಳಗಿಂದ ಹೋಗು, ಮೇಲಿಂದ ಬೇಡ ಅಂತ. ಯಾಕೆ ಅನ್ನುವುದು ಅವಳಿಗೆ ನೆನಪಿಲ್ಲ, ಆದರೆ ಒಳಗಿಂದಲೇ ಹೋಗಬೇಕು ಅಂತ ಬಲವಾಗಿ ಅನಿಸುತ್ತಿದೆ. ಮಾರ್ಲಿನ್ ಎದುರಿಗಿರುವ ಕತ್ತಲನ್ನು ನೋಡುತ್ತಾನೆ, ಮೇಲಿನ ಬೆಳಕನ್ನು ನೋಡುತ್ತಾನೆ, ಮೇಲೆ ಹೋಗೋಣ ಅನ್ನುತ್ತಾನೆ. ಹೋಗಿ ಜೆಲ್ಲಿಫಿಶ್ ಹಿಂಡಿಗೆ ಸಿಕ್ಕಿಕೊಳ್ಳುತ್ತಾರೆ. ಇದರಲ್ಲಿ ಹೆದರಿಕೆಯ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಮೊದಲ ದೃಶ್ಯದಲ್ಲೂ ಅವನ ಸಂಭ್ರಮವೆಲ್ಲ ಮನೆ, ನೋಟ, ಹಳೆಯ ನೆನಪಿನ ಸುತ್ತವೇ. ಎಸ್.

ಜೆ ಅಥವಾ ಪಿ, ಜಡ್ಜಿಂಗ್ ಅಥವಾ ಪರ್ಸೀವಿಂಗ್. ರೂಮು ಗಲೀಜಾಗಿದ್ದರೆ ಪಿ ಅಂತ ಅಮ್ಮಂದಿರು ತೀರ್ಪು ಕೊಡುವುದುಂಟು. ನೋಡಬೇಕಾದದ್ದು ಬೇರೆ: ವಿಷಯ ತೀರ್ಮಾನವಾದರೆ ನೆಮ್ಮದಿಯಾ, ತೆರೆದಿದ್ದರೆ ನೆಮ್ಮದಿಯಾ? ಮೊಟ್ಟೆ ಒಡೆಯುವ ಮೊದಲೇ ಹೆಸರು ಹಂಚಿದವನು ಇವನು. ಜೆ.

ಇ ಅಥವಾ ಐ, ಬಹಿರ್ಮುಖಿ ಅಥವಾ ಅಂತರ್ಮುಖಿ. ಇದು ನಮ್ಮನ್ನು ಜಾಸ್ತಿ ಕಾಡಿತು. ಸಿನಿಮಾದ ನಾಯಕ ಮಾತಾಡಲೇಬೇಕು, ಇಲ್ಲದಿದ್ದರೆ ಅವನ ಮನಸ್ಸು ನಮಗೆ ಗೊತ್ತಾಗುವುದು ಹೇಗೆ? ಹಾಗಾಗಿ ಎಲ್ಲ ನಾಯಕರೂ ಬಹಿರ್ಮುಖಿಗಳಂತೆ ಕಾಣುತ್ತಾರೆ. ಮಾರ್ಲಿನ್ ಕೋರಲ್ ಜೊತೆ ಅರಳುತ್ತಾನೆ, ಗುಂಪಿನ ಮುಂದೆ ತೊದಲುತ್ತಾನೆ. ಐ ಅಂತ ಬರೆದೆ, ತೆಳುವಾಗಿ.

ಸಿಕ್ಕಿದ್ದು ಐಎಸ್‌ಎಫ್‌ಜೆ.

ಹಂತ 5: ಎಡಗೈ ಪರೀಕ್ಷೆ

ಅಕ್ಷರಗಳ ಹಿಂದೆ ಯೂಂಗ್‌ನಿಂದ ಬಂದ ಇನ್ನೊಂದು ಲೆಕ್ಕ ಇದೆ. ಪ್ರತಿಯೊಬ್ಬರಿಗೂ ಪಳಗಿದ ಒಂದು ಮಾನಸಿಕ ಶಕ್ತಿ ಇರುತ್ತದೆ, ಬಲಗೈ ಇದ್ದ ಹಾಗೆ. ಅದಕ್ಕೆ ತದ್ವಿರುದ್ಧವಾದದ್ದು ಎಡಗೈ. ಅದರಲ್ಲಿ ಬರೆಯಲು ಹೋದರೆ ಅಕ್ಷರ ಸೊಟ್ಟ. ಒತ್ತಡದಲ್ಲಿ ಪಾತ್ರ ಎಡಗೈ ಬಳಸಿ ಎಡವುತ್ತದೆ. ಒಳ್ಳೆಯ ಕಥೆಯಾದರೆ ಕೊನೆಗೆ ಆ ಎಡಗೈಯನ್ನೇ ಒಂದಿಷ್ಟು ಪಳಗಿಸಿಕೊಳ್ಳುತ್ತದೆ.

ಐಎಸ್‌ಎಫ್‌ಜೆ ಬಗೆಗೆ ಬಲಗೈ ಅಂದರೆ ಅನುಭವದ ನೆನಪು, ಒಳಮುಖದ ಸೆನ್ಸಿಂಗ್. ಎಡಗೈ ಅಂದರೆ ಹೊಸ ಸಾಧ್ಯತೆಗಳ ಊಹೆ, ಹೊರಮುಖದ ಇಂಟ್ಯೂಷನ್. ಈಗ ಮಾರ್ಲಿನ್ ಮೇಲೆ ಇಟ್ಟು ನೋಡಿ. ಅವನ ಊಹೆಗಳೆಲ್ಲ ಕೆಟ್ಟವೇ. ಹಾಗಾದರೆ, ಹೀಗಾದರೆ, ಸತ್ತರೆ. ಸೊಟ್ಟ ಅಕ್ಷರ.

ಅವನು ಬದಲಾಗುವ ಜಾಗಗಳೂ ಇದೇ ಎಡಗೈಯವು. ಜೆಲ್ಲಿಫಿಶ್‌ಗಳ ಮಧ್ಯೆ ಡೋರಿ ಕುಟುಕಿಸಿಕೊಳ್ಳಬಾರದು ಅಂತ ತಕ್ಷಣ ಒಂದು ಆಟ ಹುಟ್ಟಿಸುತ್ತಾನೆ. ತಲೆಗಳ ಮೇಲಷ್ಟೇ ಪುಟಿಯಬೇಕು, ಕೆಳಗಿನ ಎಳೆ ಮುಟ್ಟುವಂತಿಲ್ಲ, ಬಾ ರೇಸು! ತಿಮಿಂಗಿಲದ ಬಾಯೊಳಗೆ ನಾಲಿಗೆ ಹಿಡಿದು ನೇತಾಡುವಾಗ ಕೈಬಿಡು ಅನ್ನುತ್ತಾಳೆ ಡೋರಿ. ಏನೂ ಕೆಟ್ಟದ್ದಾಗುವುದಿಲ್ಲ ಅಂತ ನಿನಗೆ ಹೇಗೆ ಗೊತ್ತು ಅಂತ ಕೇಳುತ್ತಾನೆ. ಗೊತ್ತಿಲ್ಲ ಅನ್ನುತ್ತಾಳೆ ಅವಳು. ಅವನು ಬಿಡುತ್ತಾನೆ. ಕೊನೆಗೆ ಮೀನುಗಾರರ ಬಲೆಯೊಳಗೆ ಮಗ ತಾನೇ ನುಗ್ಗುತ್ತೇನೆ ಅಂದಾಗಲೂ ಬಿಡುತ್ತಾನೆ.

ಈ ಪರೀಕ್ಷೆ ಪಾಸಾದಾಗ ಹುಡುಗಿ ಕುಣಿದಳು. ನಾನು ಸ್ವಲ್ಪ ತಣ್ಣೀರು ಎರಚಿದೆ. ಸಿದ್ಧಾಂತಕ್ಕೆ ಕಥೆ ಚೆನ್ನಾಗಿ ಹೊಂದಿತು ಅಂದ ಮಾತ್ರಕ್ಕೆ ಸಿದ್ಧಾಂತ ನಿಜ ಅಂತಲ್ಲ.

ಹಂತ 6: ಎದುರಾಳಿಯನ್ನು ಕರೆಯಿರಿ

ನಿಮ್ಮ ಉತ್ತರಕ್ಕೆ ಒಂದೇ ಅಕ್ಷರ ದೂರ ಇರುವ ಬಗೆಯನ್ನು ತೆಗೆದುಕೊಂಡು, ಅದರ ಪರ ವಕೀಲರಾಗಿ ವಾದಿಸಿ. ನಮ್ಮ ಮನೆಯಲ್ಲಿ ಐಎಸ್‌ಟಿಜೆ ಪರ ವಾದಿಸಿದ್ದು ಅಕ್ಕ, ಅಡುಗೆಮನೆಯಿಂದಲೇ. "ಅವನು ಡೋರಿ ಮೇಲೆ ಎಷ್ಟು ರೇಗ್ತಾನೆ ನೋಡಿದ್ಯಾ? ವಿಳಾಸ ಹೇಳು, ಕೆಲಸ ಮುಗಿಸು, ಅಷ್ಟೇ ಬೇಕು ಅವನಿಗೆ. ಎಂಥಾ ಫೀಲಿಂಗು?" ವಾದದಲ್ಲಿ ಹುರುಳಿದೆ. ಆದರೆ ಅವನು ರೇಗುವುದೆಲ್ಲ ಮಗನ ಅವಸರದಲ್ಲಿ, ಅಂದರೆ ನಾಲ್ಕನೇ ಕಾಲಂನಲ್ಲಿ ಹೊಡೆದುಹೋದ ಸಾಲುಗಳಲ್ಲಿ. ಅವಸರದ ನಡುವೆಯೂ ಮೆತ್ತಗೆ ಹೇಳಲು ಒದ್ದಾಡಿದ್ದು ಹೊಡೆಯದೆ ಉಳಿದ ಸಾಲು. ನಾವು ಗೆದ್ದೆವು. ಅಕ್ಕ ಒಪ್ಪಿಲ್ಲ.

ಏನು ಕಂಡರೆ ನಿಮ್ಮ ಉತ್ತರ ಬದಲಿಸುತ್ತೀರಿ ಅನ್ನುವುದನ್ನೂ ಒಂದು ಸಾಲು ಬರೆದಿಡಿ. ಅದು ಬರೆಯಲಾಗದಿದ್ದರೆ ನೀವು ಮಾಡುತ್ತಿರುವುದು ರಾಶಿಫಲ.

ಹಂತ 7: ಬೇರೆ ಅಳತೆಗೋಲಿಂದ ಒಮ್ಮೆ

ಎನ್ನಿಯಾಗ್ರಾಂ ಅನ್ನುವ ಇನ್ನೊಂದು ಸ್ವಭಾವದ ಅಳತೆಗೋಲಿನಲ್ಲಿ 9 ಬಗೆ. ಅದು ಕೇಳುವುದು ಒಳಗಿನ ಭಯ ಯಾವುದು, ಆಸೆ ಯಾವುದು ಅಂತ. ಮಾರ್ಲಿನ್‌ಗೆ ಎಲ್ಲರೂ 6 ಕೊಡುತ್ತಾರೆ, ಆಸರೆ ಹುಡುಕುವ ಬಗೆ. ಆದರೆ ಅಲ್ಲೂ ಅದೇ ಪ್ರಶ್ನೆ ಏಳುತ್ತದೆ, ಭಯ ಬ್ಯಾರಾಕುಡಾದಿಂದ ಬಂದದ್ದಲ್ವಾ? ಬಿಗ್ ಫೈವ್ ಇಲ್ಲಿ ಜಾಸ್ತಿ ಪ್ರಾಮಾಣಿಕ. ಆತಂಕ ಶುರುವಿನಲ್ಲಿ ಇಷ್ಟು, ಮಧ್ಯದಲ್ಲಿ ಇಷ್ಟು, ಕೊನೆಯಲ್ಲಿ ಇಷ್ಟು ಅಂತ ಮೂರು ಗುರುತು ಹಾಕಿ ತೋರಿಸಬಹುದು.

ಹಂತ 8: ಬರೆದಿಡಿ

ಯಾರಿಗಾದರೂ ತೋರಿಸುವುದಾದರೆ ಅಕ್ಷರಗಳಿಂದ ಶುರು ಮಾಡಬೇಡಿ. ದೃಶ್ಯದಿಂದ ಶುರು ಮಾಡಿ. ಓದುವವರಿಗೆ ಮಾರ್ಲಿನ್ ಬಡಬಡಿಸುವುದು ಕಣ್ಣಿಗೆ ಕಟ್ಟಿದ ಮೇಲೆ ಎಫ್ ತಾನಾಗಿ ಬರುತ್ತದೆ. ಎಲ್ಲ ಅಕ್ಷರವನ್ನೂ ತುಂಬಲೇಬೇಕು ಅನ್ನುವ ಹಟ ಬೇಡ.

ಡೋರಿಯದ್ದು ಹಾಗೇ ಉಳಿದಿದೆ. ಮರೆವನ್ನು ಹೊಡೆದು ಹಾಕಿದ ಮೇಲೆ ಉಳಿದದ್ದು ಇಷ್ಟು: ಗುರುತಿಲ್ಲದವನ ಜೊತೆ ಕೇಳದೆಯೇ ಹೊರಟು ನಿಲ್ಲುತ್ತಾಳೆ. ತಿಮಿಂಗಿಲದ ಜೊತೆ ಅದರ ಭಾಷೆಯಲ್ಲೇ ಮಾತಿಗಿಳಿಯುತ್ತಾಳೆ. ಮಗನಿಗೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆ ಅಂತ ಮಾತು ಕೊಟ್ಟಿದ್ದೆ ಅಂತ ಮಾರ್ಲಿನ್ ಕೊರಗಿದಾಗ, ಏನೂ ಆಗದೇ ಇದ್ದರೆ ಅವನ ಬಾಳಲ್ಲಿ ಏನೂ ಆಗುವುದೇ ಇಲ್ಲವಲ್ಲ ಅನ್ನುತ್ತಾಳೆ. ಇ ಖಂಡಿತ. ಎಫ್ ಖಂಡಿತ. ಯೋಜನೆ ಇಲ್ಲದೆ ಹೆಜ್ಜೆ ಇಡುವ ಧೈರ್ಯಕ್ಕೆ ಪಿ ಕೊಟ್ಟೆವು, ಮರೆವಿಗಲ್ಲ. ಎಸ್ಸೋ ಎನ್ನೋ ಇನ್ನೂ ಬಗೆಹರಿದಿಲ್ಲ. ಹುಡುಗಿ ಎನ್ ಅನ್ನುತ್ತಾಳೆ, ನಾನು ಎಸ್. ಪುಟದಲ್ಲಿ ಎರಡನೇ ಅಕ್ಷರದ ಜಾಗದಲ್ಲಿ ಪೆನ್ಸಿಲಿನ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಭಾನುವಾರ ಮತ್ತೆ ಹಾಕುತ್ತೇವೆ, ಈ ಸಲ ಮ್ಯೂಟ್ ಮಾಡಿ.